ಏಡಿ ತೋಡಿದ್ದು, ಹೊಳೆ ಕೊಚ್ಚಿದ್ದು

ಹಾಸನ ಜಿಲ್ಲೆಯ ಬಂಡೆಗಳಲ್ಲಿ ಪ್ರಾಣಿಗಳ ಬಿಲ ಹುಡುಕಿಕೊಂಡು ಹೊರಟವನು ಬರಿಗೈಯಲ್ಲಿ ಹಿಂದಿರುಗಬೇಕು. ಗೊರೂರಿನ ಸುತ್ತಮುತ್ತಲಿನ ನೈಸ್ ಶಿಲೆಗೆ 300 ಕೋಟಿ ವರ್ಷಕ್ಕೂ ಹೆಚ್ಚಿನ ವಯಸ್ಸು. ಕಾದು, ನಜ್ಜುಗುಜ್ಜಾಗಿ, ಮಡಿಸಿಕೊಂಡು ನಿಂತ ಆ ಕಲ್ಲಿನಲ್ಲಿ ಪಳೆಯುಳಿಕೆ ಕೇಳುವುದೇ ತಪ್ಪು. ಪಕ್ಕದ ಚಿಕ್ಕಮಗಳೂರಿನ ಕಥೆ ಸ್ವಲ್ಪ ಬೇರೆ. ಬಾಬಾಬುಡನ್ ಗಿರಿಶ್ರೇಣಿಯ ತಳದ ಕ್ವಾರ್ಟ್ಜೈಟ್ ಒಂದು ಕಾಲದಲ್ಲಿ ನೀರು ಹರಡಿದ ಮರಳು. 260 ಕೋಟಿ ವರ್ಷಕ್ಕೂ ಹಿಂದಿನ ಆ ಮರಳಿನ ಮೇಲೆ ಅಲೆಯ ಗುರುತು, ಓರೆಯಾಗಿ ಬಿದ್ದ ಪದರಗಳು ಇವತ್ತಿಗೂ ಕಾಣುತ್ತವೆ. ಅಷ್ಟೆಲ್ಲ ಉಳಿದಿದ್ದರೂ ಒಂದೇ ಒಂದು ಬಿಲವಿಲ್ಲ. ಅಳಿಸಿಹೋಗಿದ್ದಲ್ಲ, ತೋಡುವವರೇ ಹುಟ್ಟಿರಲಿಲ್ಲ. ಕೆಸರಿನೊಳಗೆ ನುಗ್ಗಿ ದಾರಿ ಮಾಡಿಕೊಳ್ಳುವ ಪ್ರಾಣಿಗಳು ಲೆಕ್ಕಕ್ಕೆ ಬರುವಷ್ಟಾಗಿದ್ದು ಸುಮಾರು 54 ಕೋಟಿ ವರ್ಷಗಳ ಹಿಂದೆ. ಕೇಂಬ್ರಿಯನ್ ಯುಗ ಎಲ್ಲಿಂದ ಶುರು ಎಂಬುದನ್ನು ಭೂವಿಜ್ಞಾನಿಗಳು ನಿಗದಿ ಮಾಡಿರುವುದು ಕೂಡ ಟ್ರೆಪ್ಟಿಕ್ನಸ್ ಪೆಡಮ್ ಎಂಬ ಒಂದು ಬಿಲದ ಗುರುತನ್ನು ಹಿಡಿದು. ಆ ಪ್ರಾಣಿ ಯಾವುದು, ಹೇಗಿತ್ತು ಎಂಬುದು ಖಚಿತವಿಲ್ಲದಿದ್ದರೂ ಅದು ಕೆಸರಿನಲ್ಲಿ ಬಿಟ್ಟ ದಾರಿ ಮಾತ್ರ ಇಡೀ ಜಗತ್ತಿಗೆ ಗಡಿಕಲ್ಲಾಗಿದೆ.

ಬಿಲಗಳಿಲ್ಲದ ಈ ಊರಿನಲ್ಲಿ ಕುಳಿತು ನಾನು ಬಹಳ ವರ್ಷ ಭೂವಿಜ್ಞಾನ ಪಾಠ ಮಾಡಿದೆ. ಪಠ್ಯದಲ್ಲಿ ಕುರುಹು ಪಳೆಯುಳಿಕೆಗಳಿಗೆ, ಎಂದರೆ ಪ್ರಾಣಿಯ ದೇಹವಲ್ಲದೆ ಅದು ಬಿಟ್ಟುಹೋದ ಬಿಲ, ಹೆಜ್ಜೆಗಳಂಥ ಗುರುತುಗಳಿಗೆ, ಮೀಸಲಾಗಿದ್ದ ಜಾಗ ತೀರಾ ಕಡಿಮೆ. ಇದ್ದುದರಲ್ಲಿ ದೊಡ್ಡ ಪಾಲು ಡೈನೋಸಾರ್ ಹೆಜ್ಜೆಗೆ. ಹುಡುಗರಿಗೂ ಅದೇ ಬೇಕು. ಶೈಕ್ಷಣಿಕ ಪ್ರವಾಸಕ್ಕೆಂದು ತಮಿಳುನಾಡಿನ ಅರಿಯಲೂರಿಗೆ ಕರೆದುಕೊಂಡು ಹೋದರೆ, ಎಲ್ಲರೂ ಅಮ್ಮೊನೈಟ್ ಎಂಬ ಸುರುಳಿ ಚಿಪ್ಪಿನ ಪಳೆಯುಳಿಕೆ ಹುಡುಕುತ್ತಾ ಚೆದುರಿಹೋಗುತ್ತಾರೆ. ಅಲ್ಲೇ ಕಾಲ ಬಳಿಯ, ಡೈನೋಸಾರ್‌ಗಳ ಕೊನೆಯ ಯುಗವಾದ ಕ್ರಿಟೇಶಿಯಸ್ ಕಾಲದ ಮರಳುಗಲ್ಲಿನಲ್ಲಿ ಹೆಬ್ಬೆರಳಿನ ಗಾತ್ರದ ಕವಲುಕವಲು ಬಿಲಗಳು ತುಂಬಿಕೊಂಡಿದ್ದರೂ ಬಗ್ಗಿ ನೋಡುವವರು ಒಬ್ಬರೋ ಇಬ್ಬರೋ. ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ: ಹಳೆಯ ಕಡಲತೀರವನ್ನು, ಅದರಲ್ಲೂ ಹೊಳೆ ಕಡಲು ಸೇರುವ ಅಳಿವೆಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಒಂದು ಚೀಲ ಚಿಪ್ಪಿಗಿಂತ ಒಂದು ಅಡಿ ಬಿಲವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕಾರಣ ಸರಳ. ಚಿಪ್ಪನ್ನು ಅಲೆ ಎತ್ತಿಕೊಂಡು ಹೋಗುತ್ತದೆ, ಮೂಳೆಯನ್ನು ಪ್ರವಾಹ ಉರುಳಿಸುತ್ತದೆ. ಸತ್ತ ಜಾಗ ಒಂದು, ಸಿಕ್ಕ ಜಾಗ ಇನ್ನೊಂದು. ಬಿಲವನ್ನು ಯಾರೂ ಸಾಗಿಸಲಾರರು. ಎಲ್ಲಿ ತೋಡಿತೋ ಅಲ್ಲೇ ಇರುತ್ತದೆ. ಆದರೆ ಬಿಲವನ್ನು ನೋಡಿದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, ಇದನ್ನು ತೋಡಿದ್ದು ಯಾವ ಪ್ರಾಣಿ ಎಂದು. ಅದಕ್ಕೆ ಬಿಲ ಸರಿಯಾಗಿ ಉತ್ತರ ಕೊಡುವುದಿಲ್ಲ. ಬೇರೆಬೇರೆ ಪ್ರಾಣಿಗಳು ಒಂದೇ ತೆರನಾದ ಬಿಲ ತೋಡುತ್ತವೆ, ಒಂದೇ ಜಾತಿಯ ಪ್ರಾಣಿ ಜಾಗ ಬದಲಾದರೆ ಬೇರೆ ಬಿಲ ತೋಡುತ್ತದೆ. ಹೀಗಾಗಿಯೇ ಬಿಲಗಳಿಗೆ ಪ್ರಾಣಿಯ ಹೆಸರನ್ನು ಇಡದೆ ಪ್ರತ್ಯೇಕ ಹೆಸರುಗಳನ್ನು ಇಟ್ಟಿದ್ದಾರೆ. ಕೆಸರು ಸಿಗಡಿಗಳನ್ನೇ ತೆಗೆದುಕೊಳ್ಳಿ. ಸಡಿಲ ಮರಳಿನಲ್ಲಿ ಬಿಲ ಕುಸಿಯುವ ಭಯವಿರುವುದರಿಂದ ಸಿಗಡಿ ಕೆಸರಿನ ಉಂಡೆಗಳನ್ನು ಗೋಡೆಗೆ ಒತ್ತಿ ಗಿಲಾವು ಮಾಡುತ್ತದೆ. ಅಂಥ ಬಿಲ ಕಲ್ಲಾದರೆ ಅದಕ್ಕೆ ಆಫಿಯೋಮಾರ್ಫಾ ಎಂದು ಹೆಸರು. ಮಣ್ಣು ತಾನೇ ನಿಲ್ಲುವಂತಿದ್ದರೆ ಗಿಲಾವಿನ ಗೋಜಿಗೆ ಹೋಗುವುದಿಲ್ಲ. ಆ ಬಿಲ ತಲಾಸಿನಾಯ್ಡೀಸ್. ಮಣ್ಣು ಇನ್ನೂ ಬಿಗಿಯಾಗಿದ್ದು ಗೋಡೆಯ ಮೇಲೆ ಕಾಲುಗುರಿನ ಗೀರುಗಳು ಮೂಡಿ ಉಳಿದರೆ ಸ್ಪಾಂಜಿಲಿಯೊಮಾರ್ಫಾ. ತೋಡಿದವರು ಒಂದೇ ಬಳಗದವರಾದರೂ ಹೆಸರು ಮೂರು. ಬದಲಾಗಿದ್ದು ಮಣ್ಣಿನ ಬಿಗಿ ಮಾತ್ರ.

ಈ ಬಿಗಿಯ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಆಗಷ್ಟೇ ತಳಕ್ಕೆ ಇಳಿದ ಕೆಸರಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಅದರಲ್ಲಿ ಹುಳು ಈಜಿಕೊಂಡು ಹೋಗುತ್ತದೆಯೇ ಹೊರತು ತೋಡಿಕೊಂಡಲ್ಲ. ಹಿಂದೆಯೇ ದಾರಿ ಮುಚ್ಚಿಕೊಳ್ಳುತ್ತದೆ. ಮೇಲೆ ಮತ್ತಷ್ಟು ಹೂಳು ಕೂತಂತೆ ಅಡಿಯ ಕೆಸರಿನ ನೀರು ಹಿಂಡಿಹೋಗಿ ಜೇಡಿ ಬಿಗಿಯಾಗುತ್ತದೆ. ಇನ್ನೂ ಕಲ್ಲಾಗಿಲ್ಲ, ಆದರೆ ಕೆಸರೂ ಅಲ್ಲ. ಹೆಬ್ಬೆರಳು ಒತ್ತಿದರೆ ಗುರುತು ಬೀಳಬೇಕು, ಬೆರಳು ಒಳಗೆ ಹೋಗಬಾರದು. ಅಂಥ ಮಣ್ಣು ಹೂತುಕೊಂಡು ಆಳದಲ್ಲಿ ಇರುವವರೆಗೆ ಯಾವ ಪ್ರಾಣಿಗೂ ಎಟುಕುವುದಿಲ್ಲ. ಅದು ಎಟುಕಬೇಕಾದರೆ ಮೇಲಿನದನ್ನು ಯಾರಾದರೂ ತೆಗೆಯಬೇಕು: ಹೊಳೆ ಕೊರೆಯಬೇಕು, ಅಲೆ ಕೆರೆಯಬೇಕು, ಉಬ್ಬರವಿಳಿತದ ಕಾಲುವೆ ಪಕ್ಕಕ್ಕೆ ಸರಿಯಬೇಕು. ಆದ್ದರಿಂದ ಗಟ್ಟಿ ಮಣ್ಣಿನಲ್ಲಿ ತೋಡಿದ ಬಿಲವೊಂದು ಕಲ್ಲಿನಲ್ಲಿ ಕಂಡಿತೆಂದರೆ, ಅಲ್ಲಿ ಇದ್ದದ್ದೇನೋ ಇಲ್ಲವಾಗಿದೆ ಎಂದು ಅರ್ಥ. ಪದರಗಳು ಕೊಚ್ಚಿಹೋಗಿವೆ, ಅವುಗಳ ಜೊತೆ ಆ ಪದರಗಳು ಕೂರಲು ಹಿಡಿದ ಕಾಲವೂ ಹೋಗಿದೆ. ನನಗೆ ಈ ಶಾಸ್ತ್ರದಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಇದೇ. ಇರುವುದನ್ನು ನೋಡಿ ಇರುವುದನ್ನು ಹೇಳುವುದು ಹೆಚ್ಚುಗಾರಿಕೆಯಲ್ಲ. ಬಿಲ ಕೊಡುವುದು ಇಲ್ಲದ್ದರ ಸಾಕ್ಷಿ.

ಇದನ್ನೆಲ್ಲ ನಾನು ಕಣ್ಣಾರೆ ಕಂಡು ಖಾತ್ರಿ ಮಾಡಿಕೊಂಡಿದ್ದು ಯಾವ ಸಮುದ್ರ ತೀರದಲ್ಲೂ ಅಲ್ಲ, ಗೊರೂರು ಅಣೆಕಟ್ಟಿನ ಹೇಮಾವತಿ ಹಿನ್ನೀರಿನಲ್ಲಿ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಶೆಟ್ಟಿಹಳ್ಳಿ ಕಡೆಗೆ ಜನ ಹರಿದು ಬರುತ್ತಾರೆ. ಅವರೆಲ್ಲ ಪಾಳುಬಿದ್ದ ಚರ್ಚಿನ ಕಮಾನುಗಳ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿರುವಾಗ ನಾನು ದಡದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಕುರ್ಪಿಯಿಂದ ಮಣ್ಣು ಕೆರೆಯುತ್ತಿರುತ್ತೇನೆ. ಹಿನ್ನೀರಿನ ಆಚೆ ದಡದಲ್ಲಿ ಅಕ್ಕನ ಮನೆಯವರ ಜಮೀನಿದೆ. ಭಾವ ಒಮ್ಮೆ ಹುಡುಕಿಕೊಂಡು ಬಂದು, “ಏನು ಮೇಷ್ಟ್ರೇ, ಏಡಿ ಸಾರಿಗೆ ಮನೆಯಲ್ಲಿ ಹೇಳಿದ್ದರೆ ಆಗುತ್ತಿರಲಿಲ್ಲವೇ?” ಎಂದರು. ಸಂಬಂಧದಲ್ಲಿ ಬಾಮೈದನಾದರೂ ಅವರ ಬಾಯಲ್ಲಿ ನಾನು ಯಾವತ್ತೂ ಮೇಷ್ಟ್ರು.

ಅವತ್ತು ನಾವಿಬ್ಬರೂ ನೋಡಿದ್ದು ಹೀಗಿತ್ತು. ಸಣ್ಣ ಹಳ್ಳವೊಂದು ದಡವನ್ನು ಕೊರೆದು ಎದೆಮಟ್ಟದ ಗೋಡೆ ಮಾಡಿತ್ತು. ಗೋಡೆಯ ಕೆಳಭಾಗ ಕೆಂಪುಗಂದು ಬಣ್ಣದ ಬಿಗಿ ಮಣ್ಣು. 1979ರಲ್ಲಿ ಅಣೆಕಟ್ಟು ಮುಗಿಯುವ ಮೊದಲು ಗದ್ದೆಯಾಗಿದ್ದ ನೆಲದ ಅಡಿಮಣ್ಣು. ಉಳುಮೆಯ ಸಡಿಲ ಮೇಲ್ಮಣ್ಣನ್ನು ಏರುವ ಇಳಿಯುವ ನೀರಿನ ಅಲೆಗಳು ಎಂದೋ ತೊಳೆದುಬಿಟ್ಟಿದ್ದವು. ಅದರ ಮೇಲೆ ಒಂದು ಗೇಣು ಬೂದು ಗೋಡುಮಣ್ಣು, ಪುಡಿಪುಡಿ, ಮಿಂಚುವ ಅಭ್ರಕದ ಚೂರುಗಳೊಂದಿಗೆ. ಇವೆರಡರ ನಡುವಿನ ಗೆರೆ ಚಾಕುವಿನಲ್ಲಿ ಕೊಯ್ದಷ್ಟು ಸ್ಪಷ್ಟ. ಆ ಗೆರೆಯಿಂದ ಕೆಳಕ್ಕೆ, ಕೆಂಪು ಮಣ್ಣಿನೊಳಗೆ, ಬೂದು ಬಣ್ಣದ ಕೊಳವೆಗಳು ಇಳಿದಿದ್ದವು. ಒಂದು ನೇರವಾಗಿ ಇಳಿದು ತುದಿಯಲ್ಲಿ ಕೊಂಚ ಅಗಲವಾಗಿತ್ತು, ಇನ್ನೊಂದು ಓರೆಯಾಗಿ ಹೋಗಿ ಕವಲೊಡೆದಿತ್ತು. ಕುರ್ಪಿಯ ಮೊನೆಯಿಂದ ಬೂದು ಮಣ್ಣನ್ನು ಮೆಲ್ಲಗೆ ಕೆದಕಿದೆ. ಅದು ಗೋಡೆಗೆ ಅಂಟಿಕೊಳ್ಳದೆ ಪೂರ್ತಿ ಕಳಚಿ ಬಂತು. ಒಳಗಿನ ಕೆಂಪು ಗೋಡೆಯ ಮೇಲೆ ಜೋಡಿ ಗೀರುಗಳು, ಒಂದೊಂದೂ ಸುಮಾರು ಒಂದು ಸೆಂಟಿಮೀಟರ್ ಉದ್ದ, ಎಲ್ಲವೂ ಕೆಳಮುಖವಾಗಿ, ಕೊನೆಯಲ್ಲಿ ಸ್ವಲ್ಪ ಆಳವಾಗಿ. ಬೇರಿನ ಹಳೆಯ ತೂತುಗಳನ್ನು ಕೂಡ ಆ ಬಿಲ ಕತ್ತರಿಸಿಕೊಂಡೇ ಮುಂದೆ ಹೋಗಿತ್ತು.

ಭಾವನಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಕಾಣಲಿಲ್ಲ. ತೆವರಿಯಲ್ಲಿ ಏಡಿ ತೂತು ಮಾಡಿ ರಾತ್ರೋರಾತ್ರಿ ಗದ್ದೆಯ ನೀರೆಲ್ಲ ಬಸಿದುಹೋಗುವುದನ್ನು ಹುಟ್ಟಿದಾಗಿನಿಂದ ನೋಡಿದವರು ಅವರು. ಬಿಲದ ಬಾಯಿಯಲ್ಲಿ ಹಸಿ ಮಣ್ಣಿನ ಉಂಡೆಗಳಿದ್ದರೆ ಏಡಿ ಒಳಗಿದೆ, ಬಾಯಿ ಸವೆದು ನುಣುಪಾಗಿದ್ದರೆ ಕೈ ಹಾಕಬೇಡ ಎಂಬುದು ಅವರ ಲೆಕ್ಕ. “ಹೊಸದಾಗಿ ಕಟ್ಟಿದ ತೆವರಿಯಲ್ಲಿ ಏಡಿ ಬಿಲ ನಿಲ್ಲುವುದಿಲ್ಲ ಮೇಷ್ಟ್ರೇ, ಕುಸಿಯುತ್ತದೆ. ಒಂದೆರಡು ಮಳೆ ಕುಡಿದು ಒಣಗಿ ಗಟ್ಟಿಯಾದ ಮೇಲೆ ನೋಡಿ, ಆಮೇಲೆ ಅದನ್ನು ಹಿಡಿಯುವವರಿಲ್ಲ” ಎಂದರು. ಗಟ್ಟಿ ನೆಲದ ಬಿಲಗಳ ಬಗ್ಗೆ ನಾನು ತರಗತಿಯಲ್ಲಿ ಒಂದು ಗಂಟೆ ಹೇಳುತ್ತಿದ್ದುದರ ಮುಕ್ಕಾಲು ಭಾಗ ಆ ಎರಡು ಮಾತಿನಲ್ಲಿ ಮುಗಿದಿತ್ತು.

ಉಳಿದ ಕಾಲು ಭಾಗ ಮಾತ್ರ ಪುಸ್ತಕದ್ದು. ಹೀಗೆ ಗಟ್ಟಿ ನೆಲದಲ್ಲಿ ಒಟ್ಟಾಗಿ ಕಾಣುವ ಬಿಲಗಳ ಸಮೂಹಕ್ಕೆ ಗ್ಲಾಸಿಫಂಜೈಟಿಸ್ ಎಂದು ಹೆಸರು. ಯಾವ ತಳದಲ್ಲಿ, ಯಾವ ಪರಿಸರದಲ್ಲಿ ಯಾವ ಬಗೆಯ ಬಿಲಗಳು ಕೂಡಿ ಬರುತ್ತವೆ ಎಂದು ಗುಂಪು ಮಾಡಿ ನೋಡುವ ಕ್ರಮವನ್ನು 1960ರ ದಶಕದಲ್ಲಿ ರೂಢಿಗೆ ತಂದವರು ಜರ್ಮನಿಯ ಅಡಾಲ್ಫ್ ಸೈಲಾಕರ್. ಮುಂದೆ 1992ರಲ್ಲಿ ಅವರಿಗೆ ಸ್ವೀಡನ್ನಿನ ವಿಜ್ಞಾನ ಅಕಾಡೆಮಿಯ ಕ್ರಾಫೋರ್ಡ್ ಪ್ರಶಸ್ತಿ ಬಂತು. ಆ ಕ್ರಮವನ್ನು ತೈಲ ಬಾವಿಗಳ ಕೋರ್‌ಗಳಿಗೆ, ಎಂದರೆ ಕೊರೆದು ಹೊರತೆಗೆದ ದುಂಡನೆಯ ಕಲ್ಲಿನ ತುಂಡುಗಳಿಗೆ, ಒಗ್ಗಿಸಿದವರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಜಾರ್ಜ್ ಪೆಂಬರ್ಟನ್ ಮತ್ತು ಅವರ ಶಿಷ್ಯರು ಪ್ರಮುಖರು. ಅವರು ಕಲ್ಲು ನೋಡಿ ಸುಮ್ಮನಾಗಲಿಲ್ಲ, ಇವತ್ತಿನ ಅಳಿವೆಗಳಿಗೂ ಹೋದರು. ಅಮೆರಿಕದ ವಾಷಿಂಗ್ಟನ್ ರಾಜ್ಯದ ವಿಲಾಪ ಕೊಲ್ಲಿಯಲ್ಲಿ ಪ್ಲೀಸ್ಟೊಸೀನ್ ಎಂಬ ಹಿಮಯುಗಗಳ ಕಾಲದ ಹಳೆಯ ಜೇಡಿ ದಂಡೆಗಳನ್ನು ಅಲೆಗಳು ಕೊರೆದು ಹೊರಗೆ ಹಾಕಿವೆ. ಆ ಗಟ್ಟಿ ಜೇಡಿಯಲ್ಲಿ ಉಪೊಜೀಬಿಯಾ ಎಂಬ ಕೆಸರು ಸಿಗಡಿ, ಕೊರೆಯುವ ಚಿಪ್ಪುಜೀವಿಗಳು, ಹುಳುಗಳು ಈಗಲೂ ಬಿಲ ಮಾಡಿಕೊಂಡಿವೆ. ಮರ್ರೆ ಗಿಂಗ್ರಾಸ್ ಮತ್ತು ಸಂಗಡಿಗರು ಅಲ್ಲಿ ಕೆಲಸ ಮಾಡಿದರು. ನೆಲದ ಬಿಗಿಯನ್ನು ಅಳೆಯಲು ಅವರು ಬಳಸಿದ ಉಪಾಯ ನನಗೆ ಬಹಳ ಹಿಡಿಸಿತು: ಒಂದು ಗುಂಡನ್ನು ಗೊತ್ತಾದ ಎತ್ತರದಿಂದ ಬೀಳಿಸಿ, ಬಿದ್ದಲ್ಲಿ ಆದ ಗುಳಿಯ ಅಗಲವನ್ನು ಅಳೆಯುವುದು. ಲಕ್ಷಾಂತರ ರೂಪಾಯಿಯ ಉಪಕರಣವಿಲ್ಲವೆಂದು ಕೊರಗುವ ನಮ್ಮ ಕಾಲೇಜುಗಳು ಗೋಲಿ ಮತ್ತು ಅಳತೆಪಟ್ಟಿಯಿಂದ ಇದನ್ನು ಮಾಡಿಸಬಹುದು.

ಇನ್ನು ಅಳಿವೆಯ ಮಾತು. ಅಳಿವೆಗಳೇಕೆ ಬೇಕು? ಹೊಳೆ ಕಡಲು ಸೇರುವ ಕಡೆ ಮರಳು ರಾಶಿ ಬೀಳುತ್ತದೆ. ಆ ಮರಳು ಕಲ್ಲಾಗಿ ಭೂಮಿಯೊಳಗೆ ಹೂತಾಗ ಎಣ್ಣೆಯೋ ನೀರೋ ಅದರೊಳಗೆ ಕೂತುಕೊಳ್ಳುತ್ತದೆ. ಆದರೆ ಅದು ಹಾಳೆಯಾಗಿ ಎಲ್ಲೆಡೆ ಹರಡಿಕೊಂಡಿರುವುದಿಲ್ಲ, ಕಣಿವೆಯ ಆಕಾರದಲ್ಲಿ ಉದ್ದಕ್ಕೆ ಇರುತ್ತದೆ. ಇಲ್ಲಿ ಕೊರೆದರೆ ಸಿಗುತ್ತದೆ, ಆಚೆ ಕೊರೆದರೆ ಬರೀ ಜೇಡಿಗಲ್ಲು. ಕಣಿವೆ ಹುಟ್ಟುವ ಬಗೆ ಹೀಗೆ: ಹಿಮಯುಗ ಉತ್ತುಂಗದಲ್ಲಿದ್ದ ಸುಮಾರು 20,000 ವರ್ಷಗಳ ಹಿಂದೆ ಸಮುದ್ರ ಮಟ್ಟ ಇವತ್ತಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಕಡಲು ಹಿಂದೆ ಸರಿದಾಗ ನದಿಗಳು ತಮ್ಮ ಹಳೆಯ ತೀರದ ನೆಲವನ್ನೇ ಕೊರೆದು ಕಣಿವೆ ಮಾಡಿದವು. ಹಿಮ ಕರಗಿ ಕಡಲು ಏರಿದಾಗ ಆ ಕಣಿವೆಗಳಿಗೆ ಉಪ್ಪುನೀರು ನುಗ್ಗಿ ಅಳಿವೆಗಳಾದವು. ಅಮೆರಿಕದ ಚೆಸಾಪೀಕ್ ಕೊಲ್ಲಿ ಹೀಗೆ ಮುಳುಗಿದ ಸಸ್ಕ್ವೆಹಾನಾ ನದಿಯ ಕಣಿವೆ. ಆಲ್ಬರ್ಟಾದ ವೈಕಿಂಗ್ ಶಿಲಾಸ್ತೋಮದಲ್ಲಿ, ಸುಮಾರು 10 ಕೋಟಿ ವರ್ಷಗಳ ಹಿಂದೆ, ಖಂಡದ ನಡುವೆ ಸಮುದ್ರವಿದ್ದ ಕಾಲದಲ್ಲಿ ಇಂಥದ್ದೇ ನಡೆದಿದೆ. ಅಲ್ಲಿನ ಕ್ರಿಸ್ಟಲ್ ಮೊದಲಾದ ತೈಲ ಕ್ಷೇತ್ರಗಳ ಕೋರ್‌ಗಳಲ್ಲಿ ಕಣಿವೆಯ ತಳವನ್ನು ಗುರುತಿಸಲು ನೆರವಾದದ್ದು ಗಟ್ಟಿ ನೆಲದ ಬಿಲಗಳು. ಕಪ್ಪು ಜೇಡಿಗಲ್ಲಿನೊಳಕ್ಕೆ ಒರಟು ಮರಳು ತುಂಬಿದ ಕೊಳವೆಗಳು ಇಳಿದಿರುತ್ತವೆ. ಆ ಮರಳು ಮೇಲಿನ ಪದರದ್ದು. ಬಿಲ ಬಹಳ ಹೊತ್ತು ಬಾಯಿ ತೆರೆದುಕೊಂಡು ಖಾಲಿ ನಿಂತಿತ್ತು, ಆಮೇಲೆ ಬಂದ ಮರಳು ಅದರೊಳಗೆ ಬಿತ್ತು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿದ ಹಾಗೆ, ತೋಡಿದವರು ಬೇರೆ, ಒಳಗೆ ಕೂತದ್ದು ಬೇರೆ. ಮತ್ತೂ ಒಂದು ಗುರುತು: ಮೆತ್ತನೆಯ ಕೆಸರಿನ ಬಿಲ ಮೇಲಿನ ಭಾರಕ್ಕೆ ಚಪ್ಪಟೆಯಾಗುತ್ತದೆ, ಆಗಲೇ ಬಿಗಿಯಾಗಿದ್ದ ಮಣ್ಣಿನ ಬಿಲದ ಅಡ್ಡಕೊಯ್ತ ದುಂಡಗೇ ಉಳಿದಿರುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ವಿಷಯ ಬಹಳ ಸುಲಭವೆನಿಸುತ್ತದೆ. ಸುಲಭವಲ್ಲ. ಗಟ್ಟಿ ನೆಲದ ಬಿಲ ಕಂಡ ಕೂಡಲೇ ಸಮುದ್ರ ಮಟ್ಟ ಇಳಿದು ಏರಿತು ಎಂದು ಷರಾ ಬರೆಯುವ ಅವಸರ ಅನೇಕರಲ್ಲಿದೆ. ಅಳಿವೆಯೊಳಗೇ ಉಬ್ಬರವಿಳಿತದ ಕಾಲುವೆ ದಿಕ್ಕು ಬದಲಿಸಿ ತನ್ನದೇ ಹಳೆಯ ದಂಡೆಯನ್ನು ಕೊರೆದಾಗಲೂ ಗಟ್ಟಿ ಜೇಡಿ ಹೊರಬೀಳುತ್ತದೆ. ಅಲ್ಲೂ ಸಿಗಡಿ ತೋಡುತ್ತದೆ, ಅಲ್ಲೂ ಮರಳು ತುಂಬುತ್ತದೆ. ಕೋರ್‌ನಲ್ಲಿ ನೋಡಿದರೆ ಎರಡೂ ಒಂದೇ. ಒಂದು ಕಾಲುವೆಯ ಮನಸ್ಸು ಬದಲಾದದ್ದಕ್ಕೂ ಕಡಲೇ ಹಿಂದೆ ಸರಿದದ್ದಕ್ಕೂ ವ್ಯತ್ಯಾಸವಿಲ್ಲವೇ? ಆ ವ್ಯತ್ಯಾಸವನ್ನು ಬಿಲವೊಂದೇ ಹೇಳಲಾರದು. ಅದರ ಕೆಳಗೇನಿದೆ, ಮೇಲೇನಿದೆ ಎಂದು ನೋಡಬೇಕು.

ಇಲ್ಲಿ ಉಪ್ಪಿನ ಲೆಕ್ಕ ಬರುತ್ತದೆ. ತೆರೆದ ಕಡಲಿನ ಒಂದು ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ವರ್ಷವಿಡೀ ಹೆಚ್ಚುಕಡಿಮೆ ಅಷ್ಟೇ. ಅಲ್ಲಿನ ತಳದಲ್ಲಿ ಬಗೆಬಗೆಯ ಪ್ರಾಣಿಗಳು, ಬಗೆಬಗೆಯ ಬಿಲಗಳು. ಕೆಲವು ಎಷ್ಟು ನಾಜೂಕಾದ ವಿನ್ಯಾಸದವು ಎಂದರೆ ಯಾವುದೋ ಒಂದೇ ಬಗೆಯ ಆಹಾರಕ್ಕೆಂದು ರೂಪಿಸಿದಂಥವು. ಅಳಿವೆಯಲ್ಲಿ ಈ ಸುಖವಿಲ್ಲ. ಸಕಲೇಶಪುರದ ಕಾಡುಗಳ ಕೆಂಪುಹೊಳೆಯ ನೀರು ಕುಮಾರಧಾರೆಯ ಮೂಲಕ ನೇತ್ರಾವತಿಗೆ ಸೇರಿ ಮಂಗಳೂರಿನಲ್ಲಿ ಕಡಲು ಕಾಣುತ್ತದೆ. ಆಷಾಢದ ಮಳೆಗೆ ಘಟ್ಟದ ನೀರು ಕೆಂಪಾಗಿ ಇಳಿಯುವಾಗ ಅಳಿವೆಯ ನೀರು ಸಿಹಿಯಾಗುತ್ತದೆ. ಬೇಸಿಗೆಯಲ್ಲಿ ಹೊಳೆ ಬಡವಾದಾಗ ಉಪ್ಪು ಒಳನಾಡಿನ ಕಡೆಗೆ ಏರುತ್ತದೆ. ದಿನಕ್ಕೆ ಎರಡು ಬಾರಿಯ ಉಬ್ಬರವಿಳಿತ ಬೇರೆ. ಇಂಥ ಏರುಪೇರನ್ನು ತಡೆದುಕೊಳ್ಳುವ ಪ್ರಾಣಿಗಳು ಕೆಲವೇ. ಅವೂ ಕಡಲಿನ ತಮ್ಮ ದಾಯಾದಿಗಳಿಗಿಂತ ಗಾತ್ರದಲ್ಲಿ ಚಿಕ್ಕವು, ಸಿಕ್ಕಿದ್ದನ್ನು ತಿನ್ನುವಂಥವು, ಪೈಪೋಟಿ ಕಡಿಮೆಯಾದ್ದರಿಂದ ಸಂಖ್ಯೆಯಲ್ಲಿ ವಿಪರೀತ. ಮಣ್ಣಿನೊಳಗಿನ ನೀರಿನ ಉಪ್ಪು ಮೇಲಿನ ನೀರಿನಷ್ಟು ಬೇಗ ಬದಲಾಗದ ಕಾರಣ ಒಳಗೆ ಅಡಗಿರುವುದೇ ಅವುಗಳಿಗೆ ಕ್ಷೇಮ. ಹೀಗಾಗಿ ಅಳಿವೆಯ ಪದರಗಳಲ್ಲಿ ಬಿಲಗಳು ಸರಳ, ಸಣ್ಣ, ಎರಡು ಮೂರೇ ಬಗೆ, ಆದರೆ ಒತ್ತೊತ್ತಾಗಿ.

ಈಗ ಕೋರ್‌ಗೆ ಹಿಂದಿರುಗೋಣ. ಗೆರೆಯ ಕೆಳಗಿನ ಜೇಡಿಗಲ್ಲಿನಲ್ಲಿ ಚಪ್ಪಟೆಯಾದ, ಬಗೆಬಗೆಯ ತೆರೆದ ಕಡಲಿನ ಬಿಲಗಳು. ಅವನ್ನೆಲ್ಲ ಕತ್ತರಿಸಿಕೊಂಡು ಇಳಿದ, ದುಂಡಗಿನ, ಮರಳು ತುಂಬಿದ ಗಟ್ಟಿ ನೆಲದ ಬಿಲಗಳು. ಗೆರೆಯ ಮೇಲೆ ಸಣ್ಣ ಸಣ್ಣ ಅಳಿವೆಯ ಬಿಲಗಳು. ಹೀಗೆ ಮೂರೂ ಕೂಡಿ ಬಂದರೆ ಮಾತ್ರ, ತೆರೆದ ಕಡಲಿನ ತಳವನ್ನು ನದಿ ಕೊರೆದು ಆಮೇಲೆ ಆ ಕಣಿವೆ ಮುಳುಗಿ ಅಳಿವೆಯಾಯಿತು ಎಂದು ಧೈರ್ಯವಾಗಿ ಹೇಳಬಹುದು. ಕೆಳಗೂ ಅಳಿವೆ, ಮೇಲೂ ಅಳಿವೆ ಎಂದಾದರೆ ಕಾಲುವೆಯೇ ಸರಿದಿರಬಹುದು. ಅದೇ ಗೆರೆ ಹತ್ತಾರು ಬಾವಿಗಳಲ್ಲಿ, ಕಿಲೋಮೀಟರುಗಟ್ಟಲೆ ಸಿಗುತ್ತದೆಯೇ ಎಂದು ಆಗ ಪರೀಕ್ಷಿಸಬೇಕು. ಒಂದೇ ಕೋರ್ ಹಿಡಿದು ಸಮುದ್ರವನ್ನು ಏರಿಸಿ ಇಳಿಸುವವರನ್ನು ಕಂಡರೆ ನನಗೆ ಒಂದೇ ಕುಂಡಲಿಯಿಂದ ಊರಿನವರೆಲ್ಲರ ಭವಿಷ್ಯ ಹೇಳುವ ಜೋಯಿಸರ ನೆನಪಾಗುತ್ತದೆ.

ಹಿನ್ನೀರಿನ ಗೋಡೆಯನ್ನು ಇದೇ ಕಟ್ಟುನಿಟ್ಟಿನಲ್ಲಿ ಓದಿದರೆ ಏನು ಸಿಗುತ್ತದೆ? ಕೆಳಗೆ ಬೇರಿನ ತೂತುಗಳಿರುವ ನೆಲ, ಎಂದರೆ ಒಣಭೂಮಿ. ನಡುವೆ ತೊಳೆದುಹೋದ ಗೆರೆ. ಗೆರೆಯಿಂದ ಇಳಿದ ಬಿಗಿ ಮಣ್ಣಿನ ಬಿಲಗಳು, ಮೇಲೆ ನಿಂತ ನೀರಿನ ಗೋಡು. ಕಣಿವೆಯೊಂದು ಮುಳುಗಿದ್ದು ಖಚಿತ. ಆದರೆ ಬಿಲಗಳೆಲ್ಲ ಏಡಿಯವು. ಒತ್ತೊತ್ತಾದ ಹುಳುಗಳ ಬಿಲವಿಲ್ಲ, ಕೊರೆಯುವ ಚಿಪ್ಪುಜೀವಿಗಳ ಸುಳಿವಿಲ್ಲ, ಉಬ್ಬರವಿಳಿತದ ಲಯದಲ್ಲಿ ಬಿದ್ದ ಜೋಡಿ ಪದರಗಳೂ ಇಲ್ಲ. ಉಪ್ಪುನೀರು ಇಲ್ಲಿಗೆ ಬಂದಿಲ್ಲವೆಂದು ಅಷ್ಟರಿಂದಲೇ ಹೇಳಬಹುದು, ಗೊರೂರು ಎಲ್ಲಿದೆ ಎಂದು ಗೊತ್ತಿಲ್ಲದವನೂ ಹೇಳಬಹುದು.

ಭಾವ ಇದನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು. “ಅದು ಸರಿ, ಮೇಲಿದ್ದ ಮಣ್ಣು ಎಷ್ಟಡಿ ಹೋಯಿತು ಎಂದು ಈ ಬಿಲ ಹೇಳುತ್ತದೆಯೇ?” ಅವರ ಮುಳುಗಿದ ಗದ್ದೆಯ ಮೇಲ್ಮಣ್ಣಿನ ಲೆಕ್ಕ ಅವರಿಗೆ ಇನ್ನೂ ಮನಸ್ಸಿನಲ್ಲಿದೆ. ಹೇಳುವುದಿಲ್ಲ ಎಂದೆ. ಆಲ್ಬರ್ಟಾದಲ್ಲೂ ಅದನ್ನು ಬಿಲದಿಂದ ಅಳೆಯುವುದಿಲ್ಲ. ಕೊರೆತ ಮುಟ್ಟದ ಕಡೆ, ಕಣಿವೆಯ ಆಚೆಗಿನ ಬಾವಿಯಲ್ಲಿ ಪದರಗಳು ಪೂರ್ತಿ ಉಳಿದಿರುತ್ತವೆ, ಅದರ ಜೊತೆ ಹೋಲಿಸಿ ಕಳೆದದ್ದನ್ನು ಲೆಕ್ಕ ಹಾಕುತ್ತಾರೆ. ಭಾವ ಸ್ವಲ್ಪ ಯೋಚಿಸಿ, ನೀರು ಏರದ ದಿಬ್ಬದ ಮೇಲಿನ ತಮ್ಮ ರಾಗಿ ಹೊಲದ ಅಂಚಿನಲ್ಲಿ ಹಳ್ಳ ಕೊರೆದಿರುವ ಜಾಗವಿದೆ, ಅಲ್ಲಿ ಮೇಲ್ಮಣ್ಣು ಕೆಂಪು ಮಣ್ಣು ಎರಡೂ ಒಟ್ಟಿಗೆ ಕಾಣುತ್ತವೆ, ಟೇಪು ಹಿಡಿದುಕೊಂಡು ಬನ್ನಿ ಎಂದರು.